ಮಾಮೂಲಿ ಶಾಂಪೂಗೆ ಬಗ್ಗದ ತಲೆಹೊಟ್ಟು: ಯಾವ ಮದ್ದು ಯಾರಿಗೆ?

ಜಾಹೀರಾತಿನಲ್ಲಿ ಬರುವ ಶಾಂಪೂ ಮೂರು ತಿಂಗಳು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಮತ್ತೆ ಕಪ್ಪು ಅಂಗಿಯ ಹೆಗಲ ಮೇಲೆ ರವೆ ಚೆಲ್ಲಿದ ಹಾಗೆ ಹೊಟ್ಟು. ಇನ್ನೊಂದು ಕಂಪನಿಯದನ್ನು ತಂದರೆ ಅದರದ್ದೂ ಇದೇ ಕಥೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೌಂಟರಿನ ಮೇಲೆ ನಾಲ್ಕು ಬಾಟಲಿ ಸಾಲಾಗಿ ಇಡುತ್ತಾರೆ: ಕೀಟೊಕೊನಜೋಲ್, ಸೆಲೆನಿಯಂ ಸಲ್ಫೈಡ್, ಸ್ಯಾಲಿಸಿಲಿಕ್ ಆ್ಯಸಿಡ್, ಕೋಲ್ ಟಾರ್. ಮನೆಯಲ್ಲಿ ಅಷ್ಟು ಹೊತ್ತಿಗೆ ಅಮ್ಮ ಮೆಂತ್ಯ ನೆನೆಹಾಕಿರುತ್ತಾರೆ. ಇವುಗಳ ನಡುವೆ ಆರಿಸಬೇಕಾದವರಿಗೆ ಮೊದಲೇ ಒಂದು ಮಾತು: ಕಂಪನಿ ಬದಲಾಯಿಸಿ ಪ್ರಯೋಜನವಿಲ್ಲ, ಬಾಟಲಿಯ ಒಳಗಿನ ಮದ್ದು ಬದಲಾಗಬೇಕು. ಅದಕ್ಕೂ ಮುಂಚೆ ಹಚ್ಚುವ ರೀತಿ ಬದಲಾಗಬೇಕು.

ಅದು ಹೊಟ್ಟೇ ಹೌದೇ?

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು, ಅಥವಾ ಬೇರೆಯವರಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿ, ನೆತ್ತಿಯನ್ನು ನೋಡಿಕೊಳ್ಳಿ. ಸಣ್ಣ ಬಿಳಿ ಪುಡಿ, ಸ್ವಲ್ಪ ತುರಿಕೆ, ಚರ್ಮ ಕೆಂಪಾಗಿಲ್ಲ ಎಂದರೆ ಅದು ಮಾಮೂಲಿ ಹೊಟ್ಟು. ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಚಕ್ಕೆ, ಕೆಳಗೆ ಕೆಂಪು ಚರ್ಮ, ಜೊತೆಗೆ ಹುಬ್ಬಿನಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ, ಕಿವಿಯ ಹಿಂದೆ ಸಿಪ್ಪೆ ಎದ್ದಿದ್ದರೆ ಅದು ಹೊಟ್ಟಿನ ಅಣ್ಣ. ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ, ಎರಡನೆಯದಕ್ಕೆ ಪಟ್ಟು ಬಿಗಿಯಾಗಬೇಕು.

ಹೊಟ್ಟಿನ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳೂ ಇವೆ. ಬೆಳ್ಳಿಯಂತೆ ಹೊಳೆಯುವ ದಪ್ಪ ಪದರ, ಕೂದಲಿನ ಗಡಿ ದಾಟಿ ಹಣೆಗೆ ಇಳಿದಿರುವುದು, ಮೊಣಕೈ ಮೊಣಕಾಲಿನಲ್ಲೂ ಅಂಥದೇ ಮಚ್ಚೆ, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ, ಇವು ಸೋರಿಯಾಸಿಸ್‌ನ ಕುರುಹು. ಮಕ್ಕಳ ತಲೆಯಲ್ಲಿ ಹೊಟ್ಟಿನ ಜೊತೆ ಕೂದಲು ಬುಡದಲ್ಲೇ ಮುರಿದು ದುಂಡನೆಯ ಬೋಳು ಕಾಣಿಸಿದರೆ ಅದು ಹುಳುಕಡ್ಡಿ ಇರಬಹುದು. ಇದಕ್ಕೆ ಬಾಯಿಯಿಂದ ತೆಗೆದುಕೊಳ್ಳುವ ಮದ್ದೇ ಬೇಕು, ಶಾಂಪೂ ಒಂದರಿಂದ ವಾಸಿಯಾಗುವುದಿಲ್ಲ. ಬಣ್ಣ ಹಚ್ಚಿದ ಒಂದೆರಡು ದಿನದಲ್ಲಿ ಶುರುವಾಗಿ, ಕಿವಿ ಹಣೆಯೆಲ್ಲ ಉರಿದರೆ ಅದು ಡೈ ಅಲರ್ಜಿ. ಇನ್ನು ಕೂದಲಿಗೆ ಅಂಟಿಕೊಂಡ ಬಿಳಿ ಚುಕ್ಕೆಯನ್ನು ಬೆರಳಿನಿಂದ ಎಳೆದರೂ ಜಾರದಿದ್ದರೆ ಅದು ಹೊಟ್ಟಲ್ಲ, ಹೇನಿನ ಸೀರು.

ಶಾಂಪೂ ಸುಮ್ಮನಾಗುವುದು ಏಕೆ

ಮಲಸ್ಸೀಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇದೆ. ಎದೆ ಬೆನ್ನಿನ ಮೇಲೆ ಸಿಬ್ಬು ಎಬ್ಬಿಸುವುದೂ ಇದೇ ಕುಲ. ನೆತ್ತಿಯ ಗ್ರಂಥಿಗಳು ಸುರಿಸುವ ಜಿಡ್ಡನ್ನು ಅದು ಒಡೆದು ತಿನ್ನುತ್ತದೆ, ಉಳಿದ ಓಲಿಯಿಕ್ ಆಮ್ಲದಂಥ ಕೊಬ್ಬಿನಾಮ್ಲಗಳನ್ನು ಅಲ್ಲೇ ಬಿಡುತ್ತದೆ. ಕೆಲವರ ಚರ್ಮಕ್ಕೆ ಇದು ಒಗ್ಗುವುದಿಲ್ಲ. ಕೆರಳಿದ ಚರ್ಮ ಅವಸರದಲ್ಲಿ ಹೊಸ ಕೋಶಗಳನ್ನು ಹುಟ್ಟಿಸಿ, ಹಳೆಯವನ್ನು ಗುಂಪುಗುಂಪಾಗಿ ಉದುರಿಸುತ್ತದೆ. ಸಾಮಾನ್ಯವಾಗಿ ಚರ್ಮದ ಕೋಶ ತಳದಿಂದ ಮೇಲೆ ಬಂದು ಉದುರಲು ಸುಮಾರು 4 ವಾರ ಬೇಕು, ಹೊಟ್ಟಿನ ತಲೆಯಲ್ಲಿ ಅಷ್ಟು ಕಾಯುವುದಿಲ್ಲ.

ಅಂದರೆ ಇಲ್ಲಿ ಮೂರು ಎಳೆಗಳಿವೆ: ಶಿಲೀಂಧ್ರ, ಉರಿಯೂತ, ದಪ್ಪಗಟ್ಟಿದ ಸಿಪ್ಪೆ. ಮಾಮೂಲಿ ಹೊಟ್ಟಿನ ಶಾಂಪೂ ಮೊದಲನೆಯದನ್ನು ಸ್ವಲ್ಪ ತಗ್ಗಿಸುತ್ತದೆ. ಸಿಪ್ಪೆ ದಪ್ಪವಿದ್ದರೆ ಮದ್ದು ಚರ್ಮಕ್ಕೆ ತಲುಪುವುದೇ ಇಲ್ಲ. ಉರಿಯೂತ ಜೋರಾಗಿದ್ದರೆ ಶಿಲೀಂಧ್ರ ಕಡಿಮೆಯಾದರೂ ತುರಿಕೆ ನಿಲ್ಲುವುದಿಲ್ಲ. ‘ತಲೆಗೆ ಶಾಂಪೂ ಅಭ್ಯಾಸವಾಗಿ ಹೋಯ್ತು’ ಎಂದು ಜನ ಹೇಳುವುದುಂಟು. ಹೆಚ್ಚಿನ ಸಲ ಕಾರಣ ಸರಳ. ಹೊಟ್ಟು ಕಡಿಮೆಯಾದೊಡನೆ ಬಿಟ್ಟಿರುತ್ತಾರೆ, ಅಥವಾ ನೊರೆ ಬಂದ ಹತ್ತು ಸೆಕೆಂಡಿಗೆ ತೊಳೆದಿರುತ್ತಾರೆ. ಬಾಟಲಿಯ ಹಿಂಭಾಗ ಓದುವುದೂ ಒಳ್ಳೆಯದು. ಹೆಸರು ಅದೇ ಇದ್ದು ಮದ್ದು ಬದಲಾಗಿರಬಹುದು. ಯುರೋಪಿಯನ್ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ಜಿಂಕ್ ಪೈರಿಥಿಯಾನ್ ನಿಷೇಧಿಸಿದೆ. ಮಾಮೂಲಿ ಹೊಟ್ಟಿನ ಶಾಂಪೂಗಳಲ್ಲಿ ಇರುವ ಮದ್ದು ಇದು. ಅಲ್ಲಿ ನೆಲೆಸಿದವರು ಊರಿಗೆ ಬಂದಾಗ ಕೊಳ್ಳುವ ಬಾಟಲಿಯೂ ಅಲ್ಲಿ ಸಿಗುವ ಅದೇ ಬ್ರ್ಯಾಂಡಿನ ಬಾಟಲಿಯೂ ಒಳಗೆ ಬೇರೆ ಬೇರೆ ಆಗಿರಬಹುದು.

ಏನೇನು ನೋಡಿ ಆರಿಸಬೇಕು

ಮೂರು ಎಳೆಗಳಲ್ಲಿ ನಿಮ್ಮ ತಲೆಯಲ್ಲಿ ಯಾವುದು ಮುಂದಿದೆ ಎಂಬುದು ಮೊದಲ ಪ್ರಶ್ನೆ. ಎರಡನೆಯದು ನಿಮ್ಮ ಕೂದಲು: ಬಣ್ಣ ಹಾಕಿದ್ದೇ, ನರೆತಿದೆಯೇ, ಒರಟೇ, ಜಿಡ್ಡೇ. ಮೂರನೆಯದು ಆ ವಾಸನೆ, ಆ ಕಾಯುವಿಕೆಯನ್ನು ನೀವು ತಿಂಗಳುಗಟ್ಟಲೆ ಸಹಿಸುತ್ತೀರಾ ಎಂಬುದು. ಹೊಟ್ಟು ಹೋಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿ ಇಡಬೇಕಾದ್ದು, ಹಾಗಾಗಿ ಬಳಸಲು ಬೇಸರವಾಗುವ ಮದ್ದು ಎಷ್ಟು ಒಳ್ಳೆಯದಾದರೂ ಬಚ್ಚಲಿನ ಕಿಟಕಿಯ ಮೇಲೆ ಒಣಗುತ್ತದೆ. ಕೊನೆಗೆ ದುಡ್ಡು. ಇದನ್ನು ಬಾಟಲಿಯ ಬೆಲೆಯಿಂದ ಅಳೆಯಬೇಡಿ, ತಿಂಗಳಿಗೆಷ್ಟು ಎಂದು ಅಳೆಯಿರಿ.

ಲೆಕ್ಕ ಹೀಗೆ. ಒಂದು ಸಲಕ್ಕೆ 8 ಮಿ.ಲೀ. ಸಾಕು, ಸುಮಾರು ಒಂದೂವರೆ ಟೀ ಚಮಚ. ವಾರಕ್ಕೆ ಎರಡು ಸಲದಂತೆ 4 ವಾರಕ್ಕೆ 64 ಮಿ.ಲೀ. 100 ಮಿ.ಲೀ. ಬಾಟಲಿಯಲ್ಲಿ ಉಳಿಯುವ 36 ಮಿ.ಲೀ. ಹದಿನೈದು ದಿನಕ್ಕೊಮ್ಮೆಯಂತೆ ಇನ್ನೆರಡು ತಿಂಗಳು ಬರುತ್ತದೆ. ಮೂರು ತಿಂಗಳಿಗೆ ಒಂದು ಬಾಟಲಿ. ಅದು ಮಾಮೂಲಿ ಶಾಂಪೂಗಿಂತ ದುಬಾರಿಯಾಗಿ ಕಾಣುವುದು ನಾವು ಅದನ್ನೂ ಕೂದಲಿನ ತುದಿಯವರೆಗೆ ಸುರಿದುಕೊಳ್ಳುವುದರಿಂದ. ಸೊಂಟದವರೆಗೆ ಜಡೆಯಿದ್ದರೂ ನೆತ್ತಿ ಅಷ್ಟೇ ಇರುತ್ತದೆ.

ಹಚ್ಚುವ ರೀತಿ

ಮದ್ದುಗಳ ಹೋಲಿಕೆಗೆ ಮುಂಚೆ ಇದನ್ನು ಹೇಳುವುದಕ್ಕೆ ಕಾರಣವಿದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2% ಕೀಟೊಕೊನಜೋಲ್ ಬಳಸಿದವರ ಹೊಟ್ಟು 4 ವಾರದಲ್ಲಿ 73% ಇಳಿಯಿತು, 1% ಜಿಂಕ್ ಪೈರಿಥಿಯಾನ್ ಬಳಸಿದವರದ್ದು 67%. ಕೀಟೊಕೊನಜೋಲ್ ಗೆದ್ದಿತು, ನಿಜ, ಆದರೆ ಅಂತರ ನೋಡಿ. ಸರಿಯಾಗಿ ಬಳಸಿದರೆ ಅಗ್ಗದ ಮದ್ದೂ ಬಹುಪಾಲು ಕೆಲಸ ಮಾಡುತ್ತದೆ.

ಮೊದಲು ಸಾದಾ ಶಾಂಪೂವಿನಿಂದ ಒಮ್ಮೆ ತೊಳೆಯಿರಿ, ಜಿಡ್ಡು ಧೂಳು ಹೋಗಲಿ. ಜಿಡ್ಡಿನ ಮೇಲೆ ಮದ್ದು ಸುರಿದರೆ ಅದರ ಶಕ್ತಿಯೆಲ್ಲ ಜಿಡ್ಡಿಗೇ ಖರ್ಚು. ಮದ್ದಿನ ಶಾಂಪೂಗೆ ನೊರೆ ಬರಲಿಲ್ಲ ಎಂದು ಜನ ಎರಡು ಪಟ್ಟು ಸುರಿಯುವುದೂ ಇದೇ ಕಾರಣಕ್ಕೆ. ಆಮೇಲೆ ಕೂದಲಿನ ನೀರನ್ನು ಕೈಯಿಂದ ಹಿಂಡಿ. ನೀರು ತೊಟ್ಟಿಕ್ಕುತ್ತಿದ್ದರೆ ಮದ್ದು ತೆಳುವಾಗಿ ಕುತ್ತಿಗೆಗೆ ಇಳಿದು ಹೋಗುತ್ತದೆ.

ಈಗ ಬೈತಲೆ ತೆಗೆಯಿರಿ. ಹಣೆಯಿಂದ ಹಿಂದಕ್ಕೆ, ಎರಡು ಬೆರಳು ಅಂತರದಲ್ಲಿ ಐದಾರು ಗೆರೆ. ಒಂದೊಂದು ಗೆರೆಯ ಚರ್ಮಕ್ಕೂ ಸ್ವಲ್ಪ ಸ್ವಲ್ಪ ಮದ್ದು ಮುಟ್ಟಿಸಿ, ಉಗುರು ತಾಗದಂತೆ ಬೆರಳಿನ ಮೆತ್ತನೆ ತುದಿಯಿಂದ ಉಜ್ಜಿ. ಕಿವಿಯ ಹಿಂದೆ, ಕತ್ತಿನ ಕೂದಲಿನ ಗಡಿ, ಗಂಡಸರಾದರೆ ಮೀಸೆ ಗಡ್ಡ ಬಿಡಬೇಡಿ. ಹೊಟ್ಟು ಮರಳಿ ಹಬ್ಬುವುದು ಇಂಥ ಮರೆತ ಜಾಗಗಳಿಂದಲೇ. ನಂತರ ಗಡಿಯಾರ. ಕೀಟೊಕೊನಜೋಲ್ 3ರಿಂದ 5 ನಿಮಿಷ, ಸೆಲೆನಿಯಂ 2ರಿಂದ 3 ನಿಮಿಷ, ಉಳಿದವಕ್ಕೆ ಬಾಟಲಿಯ ಮೇಲೆ ಬರೆದಷ್ಟು. ಬಕೆಟ್ ಚೊಂಬಿನ ಸ್ನಾನದಲ್ಲಿ ನೀರು ಆರಿಹೋಗುತ್ತದೆ ಎಂಬ ಅವಸರದಿಂದ ಈ ಐದು ನಿಮಿಷ ಒಂದೂವರೆಗೆ ಇಳಿಯುತ್ತದೆ. ಹಲ್ಲುಜ್ಜುವುದನ್ನೂ ಮೈಗೆ ಸೋಪು ಹಚ್ಚುವುದನ್ನೂ ಈ ಸಮಯಕ್ಕೇ ಇಟ್ಟುಕೊಳ್ಳಿ. ತಲೆ ತೊಳೆಯುವ ನೀರು ಉಗುರು ಬೆಚ್ಚಗಿದ್ದರೆ ಸಾಕು, ಸುಡುವ ನೀರು ತುರಿಕೆಯನ್ನು ಕೆರಳಿಸುತ್ತದೆ. ಕಂಡೀಷನರ್ ಬೇಕಾದರೆ ಕೂದಲಿನ ಉದ್ದಕ್ಕೆ ಮಾತ್ರ, ಬುಡಕ್ಕೆ ಬೇಡ.

ತುರಿಕೆ ಮೊದಲು ಇಳಿಯುತ್ತದೆ, ಉದುರುವುದು ನಿಲ್ಲಲು ತಡ. ಎರಡು ಸಲ ಹಚ್ಚಿ ತೀರ್ಪು ಕೊಡಬೇಡಿ, 4 ವಾರ ನೋಡಿ.

ಕೀಟೊಕೊನಜೋಲ್ 2%

ಮಾಮೂಲಿ ಶಾಂಪೂ ಸೋತವರು ಮೊದಲು ಹಿಡಿಯಬೇಕಾದ್ದು ಇದನ್ನೇ. ಶಿಲೀಂಧ್ರದ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ವಾರಕ್ಕೆ ಎರಡು ಸಲ, 2ರಿಂದ 4 ವಾರ. ನಂತರ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ. ವಾಸನೆ ಸಹ್ಯ, ಕಪ್ಪು ಕೂದಲಿನ ಬಣ್ಣ ಕೆಡಿಸುವುದಿಲ್ಲ, ನೆತ್ತಿಯಿಂದ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಲಿವರ್ ಕೆಡುತ್ತದೆ ಎಂದು ಕೆಲವರು ಹೆದರುವುದು ಇದೇ ಹೆಸರಿನ ಮಾತ್ರೆಯ ಕಾರಣಕ್ಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿದ್ದು ಮಾತ್ರೆಯ ಬಗ್ಗೆ, ಶಾಂಪೂವಿನ ಬಗ್ಗೆಯಲ್ಲ.

ಕೊರತೆ ಎಂದರೆ ಕೂದಲು ಒರಟಾಗುವುದು, ಗುಂಗುರು ಕೂದಲಿನವರಿಗೆ ಇದು ಹೆಚ್ಚು. ದಪ್ಪ ಸಿಪ್ಪೆಯನ್ನು ಇದು ಕರಗಿಸುವುದೂ ಇಲ್ಲ. ಕೊಳ್ಳುವಾಗ ಶೇಕಡಾವಾರು ನೋಡಿ. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವುದು 1%, 2% ಬೇಕಾದರೆ ವೈದ್ಯರ ಚೀಟಿ ಬೇಕು. ಅಲ್ಲಿರುವವರು ‘ಊರಲ್ಲಿ ಕೆಲಸ ಮಾಡಿದ್ದು ಇಲ್ಲಿ ಮಾಡುತ್ತಿಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಕೀಟೊಕೊನಜೋಲ್ ಜೊತೆ ಜಿಂಕ್ ಪೈರಿಥಿಯಾನ್ ಬೆರೆಸಿದ್ದೂ ಸಿಗುತ್ತದೆ. ಮೊದಲ ಬಾಟಲಿಗೆ ಅದು ಬೇಕಿಲ್ಲ.

ಸೆಲೆನಿಯಂ ಸಲ್ಫೈಡ್ 2.5%

ಶಿಲೀಂಧ್ರವನ್ನೂ ಹೊಡೆಯುತ್ತದೆ, ಕೋಶ ಹುಟ್ಟುವ ಅವಸರವನ್ನೂ ತಗ್ಗಿಸುತ್ತದೆ. ಶಕ್ತಿಯಲ್ಲಿ ಕೀಟೊಕೊನಜೋಲ್‌ಗೆ ಕಡಿಮೆಯಿಲ್ಲ. 1993ರಲ್ಲಿ ಎರಡನ್ನೂ ಹೋಲಿಸಿದ 246 ಜನರ ಅಧ್ಯಯನದಲ್ಲಿ ಎರಡೂ ಕೆಲಸ ಮಾಡಿದವು, ಆದರೆ ಅಡ್ಡಪರಿಣಾಮ ಎಂದು ವರದಿಯಾದ ಒಂಬತ್ತೂ ಸೆಲೆನಿಯಂ ಬಳಸಿದವರದ್ದೇ. ಕಿತ್ತಳೆ ಬಣ್ಣ, ಗಂಧಕದ ವಾಸನೆ, ಬಳಸಿದ ಮೇಲೆ ಕೆಲವರಿಗೆ ನೆತ್ತಿ ಜಿಡ್ಡಾಗುತ್ತದೆ. ನರೆತ ಕೂದಲು, ಡೈ ಅಥವಾ ಮೆಹಂದಿ ಹಚ್ಚಿದ ಕೂದಲು ಬಣ್ಣಗೆಡಬಹುದು. ಉಂಗುರ, ಓಲೆ, ಸರ ಬಿಚ್ಚಿಟ್ಟು ಬಳಸಿ, ಲೋಹ ಕಪ್ಪಾಗುತ್ತದೆ. ತೊಳೆದ ಮೇಲೆ ಉಗುರಿನ ಸಂದನ್ನೂ ತೊಳೆಯಿರಿ. ಕೆರೆದು ಗಾಯವಾದ ನೆತ್ತಿಗೆ ಹಚ್ಚಬೇಡಿ.

ಹಾಗಾದರೆ ಇದು ಯಾರಿಗೆ? ಕೂದಲು ಕಪ್ಪಗಿದ್ದು, ಚಿಕ್ಕದಾಗಿದ್ದು, ಮೈಮೇಲೆ ಸಿಬ್ಬೂ ಇರುವವರಿಗೆ ಒಂದೇ ಬಾಟಲಿ ಎರಡಕ್ಕೂ ಆಗುತ್ತದೆ. ಸಿಬ್ಬಿಗಾದರೆ 10 ನಿಮಿಷ ಬಿಟ್ಟು ತೊಳೆಯಬೇಕು, ದಿನಕ್ಕೊಮ್ಮೆ, 7 ದಿನ. ಕೀಟೊಕೊನಜೋಲ್ 4 ವಾರದಲ್ಲಿ ಸೋತರೂ ಮುಂದಿನ ಸರದಿ ಇದಕ್ಕೆ.

ಸ್ಯಾಲಿಸಿಲಿಕ್ ಆ್ಯಸಿಡ್, ಕೋಲ್ ಟಾರ್

ಸ್ಯಾಲಿಸಿಲಿಕ್ ಆ್ಯಸಿಡ್ ಸಿಪ್ಪೆಯನ್ನು ಅಂಟಿಸಿರುವ ಗೋಂದನ್ನು ಸಡಿಲಿಸುತ್ತದೆ, ಅಷ್ಟೇ. ಶಿಲೀಂಧ್ರದ ಮೇಲೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಬಾಚಿದಾಗ ಪದರ ಪದರವಾಗಿ ಏಳುವ ದಪ್ಪ ಹೊಟ್ಟಿಗೆ ಇದನ್ನು ಒಂಟಿಯಾಗಿ ಬಳಸದೆ ಜೋಡಿಯಾಗಿ ಬಳಸುವುದು ಜಾಣತನ: ಸೋಮವಾರ ಸ್ಯಾಲಿಸಿಲಿಕ್, ಗುರುವಾರ ಕೀಟೊಕೊನಜೋಲ್. ಎರಡು ವಾರ ಕಳೆದು ಪದರ ತೆಳುವಾದ ಮೇಲೆ ಎರಡೂ ದಿನ ಕೀಟೊಕೊನಜೋಲ್‌ಗೆ ಬನ್ನಿ. ಒಣ ಚರ್ಮದವರಿಗೆ ಇದು ಇನ್ನಷ್ಟು ಒಣಗಿಸುತ್ತದೆ. ಆಗ ಉದುರುವ ಸಣ್ಣ ಪುಡಿಯನ್ನು ಹೊಟ್ಟು ಹೆಚ್ಚಾಯಿತೆಂದು ತಿಳಿದು ಮತ್ತಷ್ಟು ಹಚ್ಚುವವರಿದ್ದಾರೆ. ಮಕ್ಕಳಿಗೆ ವೈದ್ಯರನ್ನು ಕೇಳದೆ ಬೇಡ.

ಕೋಲ್ ಟಾರ್ ಹಳೆಯ ಮದ್ದು. ಕೋಶಗಳ ಅವಸರ ತಗ್ಗಿಸುತ್ತದೆ, ತುರಿಕೆಗೆ ಒಳ್ಳೆಯದು. ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ ನೆನಪಿಸಿಕೊಳ್ಳಿ. ದಿಂಬಿನ ಕವರಿಗೆ ಕಲೆ, ನರೆಗೂದಲಿಗೆ ಕಂದು ಛಾಯೆ, ಹಚ್ಚಿದ ದಿನ ಬಿಸಿಲಿಗೆ ಚರ್ಮ ಬೇಗ ಕೆಂಪಾಗುವುದು, ಕೆಲವರಿಗೆ ಕೂದಲಿನ ಬುಡದಲ್ಲಿ ಸಣ್ಣ ಕೀವುಗುಳ್ಳೆ. ಗದ್ದೆ, ಕಟ್ಟಡ ಕೆಲಸ, ಡೆಲಿವರಿ ಎಂದು ಬಿಸಿಲಲ್ಲೇ ದುಡಿಯುವವರಿಗೆ ನಾವಿದನ್ನು ಹೇಳುವುದಿಲ್ಲ. ಸೋರಿಯಾಸಿಸ್‌ನ ಗುಮಾನಿ ಇದ್ದು ವೈದ್ಯರೇ ಬರೆದರೆ ಮಾತ್ರ ಇದರ ತೊಂದರೆಗಳನ್ನು ಸಹಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಜಿಂಕ್ ಪೈರಿಥಿಯಾನ್, ಪಿರೊಕ್ಟೋನ್ ಓಲಮೈನ್ ಇರುವ ಮಾಮೂಲಿ ಶಾಂಪೂಗಳನ್ನು ಎಸೆಯಬೇಡಿ. ಮದ್ದಿನ ದಿನಗಳ ನಡುವೆ ತಲೆ ತೊಳೆಯಲು, ಹೊಟ್ಟು ತಗ್ಗಿದ ಮೇಲೆ ಕಾವಲಿಗೆ ಇವೇ ಅಗ್ಗ. ಸಿಕ್ಲೊಪಿರಾಕ್ಸ್ ಇರುವ ಶಾಂಪೂ ಕೀಟೊಕೊನಜೋಲ್‌ಗೆ ಸಮನಾದ ಬದಲಿ, ಒಂದು ಉರಿಯಿತೆಂದರೆ ಇನ್ನೊಂದು ನೋಡಬಹುದು.

ಸ್ಟೀರಾಯ್ಡ್ ಲೋಷನ್: ಬೇಗ ಆರಾಮ, ಬೇಗ ಚಟ

ಉರಿಯೂತ ಜೋರಾಗಿದ್ದಾಗ ಬೀಟಾಮೆಥಾಸೋನ್ ಅಥವಾ ಮೊಮೆಟಾಸೋನ್ ಲೋಷನ್ ಎರಡು ಮೂರು ದಿನದಲ್ಲಿ ತುರಿಕೆ ನಿಲ್ಲಿಸುತ್ತದೆ. ಕ್ಲೋಬೆಟಾಸಾಲ್ 0.05% ಶಾಂಪೂ ಕೂಡ ಇದೆ, ಅದನ್ನು ಒಣ ನೆತ್ತಿಗೆ ಹಚ್ಚಿ 15 ನಿಮಿಷ ಬಿಟ್ಟು ತೊಳೆಯುತ್ತಾರೆ. ವೈದ್ಯರು ಸಾಮಾನ್ಯವಾಗಿ ಇವನ್ನು ಒಂದೆರಡು ವಾರಕ್ಕೆ, ಶಿಲೀಂಧ್ರದ ಮದ್ದಿನ ಜೊತೆಗೆ ಕೊಡುತ್ತಾರೆ. ತೊಂದರೆ ಶುರುವಾಗುವುದು ಹಳೆಯ ಚೀಟಿ ತೋರಿಸಿ, ಅಥವಾ ಚೀಟಿಯೇ ಇಲ್ಲದೆ, ಅದೇ ಟ್ಯೂಬನ್ನು ತಿಂಗಳುಗಟ್ಟಲೆ ಕೊಂಡಾಗ. ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಬಿಟ್ಟೊಡನೆ ಮೊದಲಿಗಿಂತ ಜೋರಾಗಿ ಕೆರಳುತ್ತದೆ. ತಲೆಗೆಂದು ಕೊಟ್ಟಿದ್ದನ್ನು ಹುಬ್ಬಿಗೆ, ಮೂಗಿನ ಪಕ್ಕಕ್ಕೆ ಹಚ್ಚಿಕೊಳ್ಳುವುದು ಇನ್ನೂ ಕೆಟ್ಟದು. ಮುಖದ ಚರ್ಮ ತೆಳು, ಅಲ್ಲಿಗೆ ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮುಗಳನ್ನು ವೈದ್ಯರು ಬರೆಯುತ್ತಾರೆ.

ಶಿಲೀಂಧ್ರಕ್ಕೆಂದು ಬಾಯಿಯಿಂದ ತೆಗೆದುಕೊಳ್ಳುವ ಇಟ್ರಾಕೊನಜೋಲ್ ಮಾತ್ರೆ ಕೊನೆಯ ಮೆಟ್ಟಿಲು. ಹೃದಯ ದುರ್ಬಲವಾಗಿರುವವರಿಗೆ ಅಪಾಯ, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆ ಸೇರಬಾರದು. ಸ್ವಂತ ನಿರ್ಧಾರದ ವಸ್ತುವಲ್ಲ.

ಎಣ್ಣೆ, ಮೊಸರು, ಮೆಂತ್ಯ, ನಿಂಬೆ

ಇಲ್ಲಿ ಮನೆಯವರ ಜೊತೆ ಜಗಳ ಗ್ಯಾರಂಟಿ. ಹೊಟ್ಟಾದರೆ ತಲೆ ಒಣಗಿದೆ, ಎಣ್ಣೆ ಹಾಕು ಎನ್ನುವುದು ನಮ್ಮಲ್ಲಿ ಮೊದಲ ಸಲಹೆ. ಎಣ್ಣೆ ಹಾಕಿದ ದಿನ ಹೊಟ್ಟು ಕಾಣುವುದಿಲ್ಲ, ಅದೂ ನಿಜ. ಚಕ್ಕೆಗಳು ಎಣ್ಣೆಯಲ್ಲಿ ನೆನೆದು ನೆತ್ತಿಗೆ ಅಂಟಿಕೊಂಡಿರುತ್ತವೆ. ಎರಡು ದಿನ ಬಿಟ್ಟು ಇನ್ನೂ ದೊಡ್ಡದಾಗಿ ಏಳುತ್ತವೆ. ಮಲಸ್ಸೀಜಿಯಾಗೆ ತನ್ನ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬಾರದು, ಹೊರಗಿನಿಂದ ಬೇಕು. ಸರಪಣಿಯಲ್ಲಿ 11ರಿಂದ 24 ಇಂಗಾಲವಿರುವ ಕೊಬ್ಬಿನಾಮ್ಲಗಳು ಅದರ ಊಟ ಎನ್ನುತ್ತಾರೆ ತಜ್ಞರು. ಕೊಬ್ಬರಿ ಎಣ್ಣೆಯ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ, ಅದರಲ್ಲಿ 12 ಇಂಗಾಲ. ಹರಳೆಣ್ಣೆ, ಎಳ್ಳೆಣ್ಣೆ, ಬಾದಾಮಿ ಎಣ್ಣೆ ಎಲ್ಲವೂ ಇದೇ ವ್ಯಾಪ್ತಿಯವು.

ದೀಪಾವಳಿಯ ಎಣ್ಣೆಸ್ನಾನ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹಾಕಿಕೊಂಡು ಒಂದು ಗಂಟೆಯೊಳಗೆ ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಎಣ್ಣೆ ಬಿಟ್ಟು ದಿಂಬಿನ ಮೇಲೆ ಮಲಗುವುದು, ಬೆಳಗ್ಗೆ ಎಣ್ಣೆ ಸವರಿ ಬಾಚಿ ಹೆಲ್ಮೆಟ್ ಹಾಕಿಕೊಂಡು ಹೊರಡುವುದು, ಇವೆರಡನ್ನು ಬಿಟ್ಟರೆ ಸಾಕು. ದಪ್ಪ ಹಕ್ಕಳೆ ಮೆತ್ತಗಾಗಲು ಏನಾದರೂ ಬೇಕೇ ಬೇಕೆಂದರೆ ಲಿಕ್ವಿಡ್ ಪ್ಯಾರಾಫಿನ್ ಇದೆ. ಅದು ಖನಿಜ ತೈಲ, ಶಿಲೀಂಧ್ರಕ್ಕೆ ಊಟವಲ್ಲ.

ಮೊಸರಿನ ಲ್ಯಾಕ್ಟಿಕ್ ಆಮ್ಲ ಸಿಪ್ಪೆಯನ್ನು ಸ್ವಲ್ಪ ಸಡಿಲಿಸುತ್ತದೆ, ಅದರ ಕೊಬ್ಬು ನೆತ್ತಿಯಲ್ಲಿ ಉಳಿಯುತ್ತದೆ. ಮೆಂತ್ಯದ ಲೋಳೆ ಕೂದಲನ್ನು ನುಣುಪಾಗಿಸುತ್ತದೆ, ಹೊಟ್ಟಿಗೆ ಅದನ್ನು ನಂಬಿ ಕೂರಬೇಡಿ. ಸರಿಯಾಗಿ ತೊಳೆಯದೆ ಒಣಗಿದ ಮೆಂತ್ಯದ ಹಿಟ್ಟೇ ಮಾರನೇ ದಿನ ಹೊಟ್ಟಿನಂತೆ ಉದುರುತ್ತದೆ. ನಿಂಬೆರಸ ಕೆರೆದ ಚರ್ಮಕ್ಕೆ ಉರಿ, ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು. ಗಿಡಮೂಲಿಕೆಯದೇ ಬೇಕು ಎನ್ನುವವರಿಗೆ ಟೀ ಟ್ರೀ ಎಣ್ಣೆ 5% ಇರುವ ಶಾಂಪೂ ಒಂದು ದಾರಿ. 126 ಜನರ ಅಧ್ಯಯನದಲ್ಲಿ, 4 ವಾರ ದಿನವೂ ಬಳಸಿದವರ ಹೊಟ್ಟು 41% ಇಳಿಯಿತು, ಮದ್ದಿಲ್ಲದ ಶಾಂಪೂ ಬಳಸಿದವರದ್ದು 11%. ಶುದ್ಧ ಎಣ್ಣೆಯನ್ನು ನೇರವಾಗಿ ನೆತ್ತಿಗೆ ಸುರಿಯಬೇಡಿ, ಅಲರ್ಜಿ ಆದೀತು.

ಬೋರ್‌ವೆಲ್ ನೀರಿನ ಬಗ್ಗೆ ಕೇಳುವವರು ಬಹಳ. ಗಡಸು ನೀರು ಹೊಟ್ಟು ಹುಟ್ಟಿಸುವುದಿಲ್ಲ. ಆದರೆ ಆ ನೀರಿನಲ್ಲಿ ತಲೆಗೆ ಸ್ನಾನದ ಸೋಪು ಹಚ್ಚಿದರೆ ಬಿಳಿ ಗಸಿ ಕೂದಲಿಗೆ ಕೂತು ಹೊಟ್ಟಿನಂತೆಯೇ ಕಾಣುತ್ತದೆ. ಸೋಪು ಬಿಡಿ, ಫಿಲ್ಟರಿಗೆ ದುಡ್ಡು ಹಾಕುವುದು ಆಮೇಲೆ.

ಯಾರು ಯಾವುದರಿಂದ ಶುರು ಮಾಡಲಿ

ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಹೊಟ್ಟು ಪುಡಿಪುಡಿಯಾಗಿದ್ದು, ಕೆಂಪಿಲ್ಲದಿದ್ದರೆ ಇರುವ ಜಿಂಕ್ ಶಾಂಪೂವನ್ನೇ ಮೇಲೆ ಹೇಳಿದ ರೀತಿಯಲ್ಲಿ, ಐದು ನಿಮಿಷ ಬಿಟ್ಟು, ವಾರಕ್ಕೆ ಮೂರು ಸಲ, 4 ವಾರ ಬಳಸಿ ನೋಡಿ. ಇಷ್ಟನ್ನು ಆಗಲೇ ಮಾಡಿ ಸೋತಿದ್ದರೆ ಕೀಟೊಕೊನಜೋಲ್ 2%ರ ಚಿಕ್ಕ ಬಾಟಲಿ. ಹಳದಿ ಜಿಡ್ಡು ಪದರವಿದ್ದರೆ ಸ್ಯಾಲಿಸಿಲಿಕ್ ಜೊತೆ ಸರದಿ. ಕೂದಲಿಗೆ ಬಣ್ಣ ಹಾಕುವವರು ಸೆಲೆನಿಯಂ, ಟಾರ್ ಎರಡನ್ನೂ ದೂರವಿಡಿ. ಬಸುರಿಯರು, ಎದೆಹಾಲು ಕುಡಿಸುವವರು ಯಾವ ಮದ್ದಿನ ಶಾಂಪೂವನ್ನೂ ತಮ್ಮ ವೈದ್ಯರಿಗೆ ಒಂದು ಮಾತು ಹೇಳಿ ಬಳಸಲಿ. ಹಸುಗೂಸಿನ ನೆತ್ತಿಯ ಹಕ್ಕಳೆಗೆ ಇವ್ಯಾವುವೂ ಬೇಡ, ಮೆತ್ತಗೆ ಮಾಡಿ ಮೃದು ಬ್ರಶ್ಶಿನಿಂದ ತೆಗೆದರೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ.

ಹೊಟ್ಟು ತಗ್ಗಿದ ಮೇಲೆ ಕ್ಯಾಲೆಂಡರಿನಲ್ಲಿ ಹದಿನೈದು ದಿನಕ್ಕೊಂದು ಗುರುತು ಹಾಕಿ, ಅಂದು ಮದ್ದಿನ ಶಾಂಪೂ. ಮಾಗಿಯ ಚಳಿಯಲ್ಲಿ, ನಿದ್ದೆಗೆಟ್ಟ ಪರೀಕ್ಷೆಯ ತಿಂಗಳಲ್ಲಿ ಅದು ವಾರಕ್ಕೊಮ್ಮೆ ಆಗಲಿ.

ಎರಡು ಬಗೆಯ ಮದ್ದನ್ನು ತಲಾ 4 ವಾರ ಸರಿಯಾಗಿ ಬಳಸಿಯೂ ಬಗ್ಗದಿದ್ದರೆ, ಕೀವು ಅಥವಾ ರಸ ಸೋರಿದರೆ, ಕೂದಲು ತೇಪೆ ತೇಪೆಯಾಗಿ ಉದುರಿದರೆ ಚರ್ಮದ ಡಾಕ್ಟರನ್ನು ನೋಡಿ. ಹೋಗುವ ದಿನ ಎಣ್ಣೆ ಹಾಕಬೇಡಿ, ಹಿಂದಿನ ಎರಡು ದಿನ ತಲೆ ತೊಳೆಯಬೇಡಿ, ಸಿಪ್ಪೆ ಹೇಗಿದೆಯೋ ಹಾಗೇ ಅವರಿಗೆ ಕಾಣಬೇಕು. ಈವರೆಗೆ ಬಳಸಿದ ಬಾಟಲಿಗಳ ಹಿಂಭಾಗದ ಫೋಟೊ ಮೊಬೈಲಿನಲ್ಲಿರಲಿ, ಯಾವುದನ್ನು ಎಷ್ಟು ವಾರ, ಎಷ್ಟು ನಿಮಿಷ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.